ಬೇಳೆ ಬೇಯದ ನೀರು

ಬೆಂಗಳೂರಿಗೆ ಸ್ವಂತ ಯೂನಿವರ್ಸಿಟಿ ಬಂದ ಹೊಸತು. ಜಯನಗರದಲ್ಲಿ ಬಸ್ಸಿಗೆ ಕಾದು ಸಿಡಿಮಿಡಿಗೊಂಡಿದ್ದ ಗಂಗಾಧರಯ್ಯನ ಕಿವಿಗೆ ಹಿಂದೆ ನಿಂತವರ ಮಾತು ಬಿತ್ತು. ಜರಗನಹಳ್ಳಿಯ ಬೈರಣ್ಣನ ಕೈಯಲ್ಲಿ ನೀರಿನ ಸೀಸೆ. ಜೊತೆಗಿದ್ದವನು ಅವನಿಗೆ ಬೀಗನಾಗಬೇಕಿದ್ದ ಚಿಕ್ಕಲಸಂದ್ರದ ತಿಮ್ಮರಾಯಪ್ಪ.

“ನಮ್ ಬಾವಿ ನೀರನ್ನ ಇದೇ ಸೀಸೇಲಿ ಯೂನಿವರ್ಸಿಟಿ ಮೇಷ್ಟ್ರಿಗೆ ತೋರಿಸ್ದೆ. ಕೆಡುಕು ಏನೂ ಇಲ್ವಂತೆ.”

“ಆ ನೀರು ಕುಡಿದ ಸೊಸೇರಿಗೆ ಮಕ್ಕಳಾಗಲ್ಲ ಅಂತ ಊರೂರೇ ಹೇಳ್ತೈತೆ. ನನ್ ಮಗಳನ್ನ ಹೆಂಗೆ ಕೊಡ್ಲಿ ಬೈರಣ್ಣೋರೆ?”

“ಅದೇ ನೀರು ಕುಡಿದು ನಮ್ಮವ್ವ ಒಂಬತ್ತು ಹೆತ್ತವ್ಳೆ!”

“ಅದು ಆವಾಗ. ಓದಿದೋರು ಕೇಳ್ದೋರಿಗೆ ಹಿತವಾಗಿ ಹೇಳ್ತಾರೆ, ಬಿಡಿ.”

ತಾನೂ ಮೇಷ್ಟ್ರಾಗಿದ್ದ ಗಂಗಾಧರಯ್ಯನಿಗೆ ರೇಗಿತು. ತಿರುಗಿ ಬೈಯಬೇಕೆನ್ನುವಷ್ಟರಲ್ಲಿ ಬೈರಣ್ಣನೇ ದನಿ ಏರಿಸಿದ.

“ಹಿತವಾಗಿ ಎಲ್ಲಿ ಹೇಳಿದ್ರು? ಗಡಸು ನೀರು, ಇದರಲ್ಲಿ ಬೇಳೆ ಬೇಯಲ್ಲ ಅಂತ ಮುಖಕ್ಕೇ ಅಂದ್ರು. ಅದೊಂದು ಬಿಟ್ಟು ಹೇಳಿ ಸಾರ್, ಮಗನ ಮದುವೆ ಮಾತು ಅಂದೆ. ಇದ್ದದ್ದು ಇದ್ದಂಗೆ ಹೇಳೋಕೇ ನಾವಿರೋದು ಅಂದ್ರು.”

ತಿಮ್ಮರಾಯಪ್ಪ ತೊಡೆ ತಟ್ಟಿ ನಕ್ಕ.

“ಮನೆ ನೋಡೋಕೆ ಬಂದಾಗ ನಿಮ್ಮನೆ ಸಾರಲ್ಲಿ ಬೇಳೆ ಕಲ್ಲಿದ್ದಂಗಿತ್ತು! ಬೀಗಿತ್ತಿಗೆ ಅಡುಗೇನೇ ಬರಲ್ಲ ಅಂತ ನನ್ನಾಕೆ ದಾರಿಯುದ್ದಕ್ಕೂ ಆಡ್ಕೊಂಡ್ಳು.”

“ಅವಳ ತಪ್ಪಲ್ಲ ಕಣಪ್ಪಾ!”

“ಬೇಳೆ ಮಾತು ನಿಜ ಹೇಳ್ದೋರು ಮಿಕ್ಕಿದ್ದು ಸುಳ್ಳು ಹೇಳ್ತಾರಾ? ಕೊಡಿ ಆ ಸೀಸೆ, ಬಾಯಾರೈತೆ.”

ತಿಮ್ಮರಾಯಪ್ಪ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡ. ಅಷ್ಟರಲ್ಲಿ ಬಸ್ ಬಂತು.

“ಮದುವೆ ನಿಮ್ಮನೇಲೇ ಆಗ್ಲಿ ಬೀಗರೇ. ಬೇಳೆ ಬೇಯಿಸೋ ನೀರು ಮಾತ್ರ ನಮ್ಮೂರಿಂದ ಗಾಡೀಲಿ ಬರ್ತದೆ.”

ಖಾಲಿ ಸೀಸೆ ಹಿಡಿದುಕೊಂಡು ಇಬ್ಬರೂ ಬಸ್ ಹತ್ತಿದರು.