ಚಿಕ್ಕ ಕಡಗ

ಫೆಸ್ ಪಟ್ಟಣದ ಹಳೇ ಕೋಟೆಯೊಳಗೆ ನೀರು ಬರುವುದು ನಿಂತುಹೋದ ಒಂದು ನಲ್ಲಿಕಟ್ಟೆ ಇದೆ. ಪಕ್ಕದಲ್ಲೇ ಗೋಡೆ ಸೀಳಿಕೊಂಡು ಬೆಳೆದ ಅಂಜೂರದ ಮರ. ರಾತ್ರಿ ಊಟ ಮುಗಿಸಿಕೊಂಡು ನಾವು ಆ ದಾರಿಯಲ್ಲೇ ಬರುತ್ತಿದ್ದೆವು... ಮುಂದೆ ನನ್ನ ದೊಡ್ಡಪ್ಪನ ಮಗ ಬೂಷ್ತಾ, ಅವನ ಹಿಂದೆ ಪ್ರವಾಸಿಗರ ಸಾಲು, ಕೊನೆಯಲ್ಲಿ ನಾನು.

ನಾನು ಹಮ್ಮೂ. ತಾಂಜಾದಿಂದ ಮರಾಕೇಶ್‌ವರೆಗೆ ಹಳೇ ಊರುಗಳನ್ನು ತೋರಿಸೋ ಟೂರು ನಮ್ಮದು. ಬಾಯಿ ಬೂಷ್ತಾ ಅಣ್ಣನದು, ಚಕ್ರ ನನ್ನದು. ಅಟ್ಲಾಸ್ ಬೆಟ್ಟದಲ್ಲಿ ಹಿಮ ಬಿದ್ದಾಗ ಪಟ್ಟಣದ ಡ್ರೈವರುಗಳು ದೇವರನ್ನು ನೆನೆಯುತ್ತಾ ಗಾಡಿ ನಿಲ್ಲಿಸಿಕೊಳ್ತಾರೆ. ನಾನು ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ಚಹಾ ಲೋಟ ಹಿಡಿದು ದಾಟಿದವನು. ಹಳ್ಳೀಲಿ ಕಾಡುಹಂದಿಯನ್ನು ಬರೀ ದೊಣ್ಣೆಯಲ್ಲಿ ಓಡಿಸಿದವನು. ಇದನ್ನೆಲ್ಲ ಮೊದಲೇ ಯಾಕೆ ಹೇಳಿದೆ ಅಂದರೆ, ಮುಂದಿನದು ಕೇಳಿ ‘ಇವನು ಪುಕ್ಕಲ’ ಅಂತ ಯಾರೂ ಅನ್ನಬಾರದು.

ಅಣ್ಣನಿಗೆ ಆ ವಾರವೇ ಹೆಣ್ಣುಮಗು ಹುಟ್ಟಿತ್ತು. ಪ್ರವಾಸಿಗರಿಗೆ ಹೇಳಿರಲಿಲ್ಲ. ಏಳನೇ ದಿನ ಹೆಸರಿಡುವ ತನಕ ಕೂಸಿನ ಸುದ್ದಿ ಹೊರಗೆ ಆಡಬೇಡಿ, ಕಣ್ಣು ಬೀಳುತ್ತೆ ಅಂತ ಅವನ ತಾಯಿ, ನಮ್ಮ ಇತ್ತೊ ದೊಡ್ಡಮ್ಮ, ಎಲ್ಲರ ಬಾಯಿ ಕಟ್ಟಿಹಾಕಿದ್ದಳು.

ಅಂಜೂರದ ಮರದ ಎದುರಿಗೊಂದು ಬಾಗಿಲು. ದಪ್ಪ ಮೊಳೆ ಹೊಡೆದ ದೇವದಾರು ಬಾಗಿಲು. ತಟ್ಟುವುದಕ್ಕೆ ಮೇಲೊಂದು ದೊಡ್ಡ ಕಬ್ಬಿಣದ ಕಡಗ, ಕೆಳಗೊಂದು ಚಿಕ್ಕದು. ಬೆಲ್ಜಿಯಂನಿಂದ ಬಂದಿದ್ದ ಒಬ್ಬ ಮದಾಮ್ ಅದರ ಮೇಲೆ ಟಾರ್ಚು ಬಿಟ್ಟಳು.

“ಎರಡು ಯಾಕೆ?”

“ದೊಡ್ಡದು ಹೊರಗಿನವರಿಗೆ, ಮದಾಮ್. ಢಣ್ ಅಂದ್ರೆ ಒಳಗಿಂದ ಗಂಡಸು ಬರ್ತಾನೆ. ಚಿಕ್ಕದು ಮನೆಯೋರಿಗೆ. ಟಿಣ್ ಟಿಣ್ ಅಂದ್ರೆ ಹೆಂಗಸರು ತಲೆ ಮೇಲೆ ಬಟ್ಟೆನೂ ಹಾಕ್ಕೊಳ್ದೆ ಬಂದು ತೆಗೀತಾರೆ.”

“ತಟ್ಟಿ ತೋರಿಸಿ!”

“ಇದು ಖಾಲಿ ಮನೆ ಮದಾಮ್.”

“ಖಾಲಿ ತಾನೇ? ಯಾರು ಬೈತಾರೆ?”

ದೊಡ್ಡದನ್ನು ತಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಚಿಕ್ಕದರ ಸದ್ದು ಇಂಪು. ಅಣ್ಣ ಅದನ್ನೇ ಎತ್ತಿದ.

ಟಿಣ್... ಟಿಣ್.

ಎಲ್ಲರೂ ನಕ್ಕರು. ನಗು ನಿಂತಿತು. ಆಗ... ಒಳಗೆ, ತುಂಬ ದೂರದಲ್ಲಿ... ಚರ್ರ್... ಚರ್ರ್... ಹಿಮ್ಮಡಿ ಮಡಚಿ ಹಾಕಿಕೊಂಡ ತೊಗಲ ಚಪ್ಪಲಿ, ಹಾಸುಗಲ್ಲಿನ ಮೇಲೆ ಎಳೆಯುತ್ತಾ ಬರುವ ಸದ್ದು.

“ಯಾರು?” ಹೆಂಗಸಿನ ದನಿ.

ನಮ್ಮಲ್ಲಿ ಬಾಗಿಲ ಹಿಂದಿನಿಂದ ‘ಯಾರು?’ ಅಂದರೆ ಹೆಸರು ಹೇಳುವ ರೂಢಿ ಇಲ್ಲ. ಅಪ್ಪ ಬಂದರೂ, ಕೊಟ್ಟ ಮನೆಯಿಂದ ತಂಗಿ ಬಂದರೂ ಒಂದೇ ಉತ್ತರ. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಮಾತು. ಯೋಚನೆ ಮಾಡುವ ಮೊದಲೇ ಬಾಯಿಂದ ಬಿದ್ದಿರುತ್ತೆ.

“ನಮ್ಮವರೇ,” ಅಂದುಬಿಟ್ಟ ಅಣ್ಣ.

ಚಪ್ಪಲಿ ಬಾಗಿಲ ಹತ್ತಿರ ನಿಂತಿತು.

“ಬಂದ್ಯಾ...? ಹೆಣ್ಣು ಕೂಸಂತೆ?”

ಅಣ್ಣನ ಕೈ ಇನ್ನೂ ಕಡಗದ ಮೇಲಿತ್ತು. ಕಾದ ಕಬ್ಬಿಣ ಮುಟ್ಟಿದವನ ಹಾಗೆ ಹಿಂದಕ್ಕೆಳೆದುಕೊಂಡ.

“ಎತ್ಕೊಂಡು ಬರ್ಲಿಲ್ವಾ? ಇರ್ಲಿ ಬಿಡು. ನಮ್ಮವರು ಅಂದ್ಮೇಲೆ... ಹೆಸರಿಡೋಕೆ ಮುಂಚೆ ನಾವೇ ಬಂದು ನೋಡ್ತೀವಿ.”

ಚರ್ರ್... ಚರ್ರ್... ಒಳಕ್ಕೆ ಹೋಯಿತು.

ಮದಾಮ್‌ಗೆ ನಮ್ಮ ಭಾಷೆ ಬರುವುದಿಲ್ಲವಲ್ಲ, ಚಪ್ಪಾಳೆ ತಟ್ಟಿದಳು. “ಎಷ್ಟು ಚೆನ್ನಾಗಿ ನಾಟಕ ಮಾಡ್ಸಿದ್ರಿ! ಒಳಗೆ ಯಾರನ್ನ ಕೂರಿಸಿದ್ರಿ?”

ನಾನು ಬಾಗಿಲಿಗೆ ಒಂದು ಒದೆ ಕೊಡೋಣ ಅಂತಲೇ ಇದ್ದೆ. ಕಾಲು ಜೋಮು ಹಿಡಿದಿತ್ತು, ಅಷ್ಟೆ.

ಪ್ರವಾಸಿಗರನ್ನು ಅವರ ಕೋಣೆಗಳಿಗೆ ಸೇರಿಸಿ ನಾವಿಬ್ಬರೂ ಬೀದಿ ತುದಿಗೆ ಬಂದೆವು. ಅಲ್ಲಿ ಬಸವನಹುಳುವಿನ ಸಾರು ಮಾರುವ ಅಲ್ಲಾಲಜ್ಜ ಪಾತ್ರೆ ತೊಳೆಯುತ್ತಿದ್ದ. ಅಣ್ಣ ನಡೆದದ್ದನ್ನು ಕಿವಿಯಲ್ಲಿ ಹೇಳಿದ. ಅಜ್ಜನ ಕೈಯಲ್ಲಿದ್ದ ಸೌಟು ನಿಂತಿತು.

“ದೊಡ್ಡ ಕಡಗ ತಾನೇ?”

“ಚಿಕ್ಕದು, ಅಜ್ಜಾ.”

“ಏನಂದೆ?”

“...ನಮ್ಮವರೇ ಅಂದೆ.”

“ಅಯ್ಯೋ ಕತ್ತೆ! ಊರಿಗೆಲ್ಲ ಬುದ್ಧಿ ಹೇಳೋ ಗೈಡು ನೀನು. ಬರೀ ತಟ್ಟಿ ಕರೆದಿದ್ರೂ ಪರವಾಗಿರ್ಲಿಲ್ಲ. ನೆಂಟಸ್ತನ ಹೇಳ್ಬಿಟ್ಟು ಬಂದಿದೀಯಲ್ಲೋ!”

“ಯಾರಜ್ಜಾ ಅದು?”

“ಕೇಳ್ಬೇಡ. ನಾನು ಹುಟ್ಟೋಕೆ ಮುಂಚಿಂದ ಆ ಬಾಗ್ಲು ಮುಚ್ಚಿದೆ.” ದನಿ ಇನ್ನೂ ಇಳಿಸಿದ. “ಬಂದಾಗ ತೆಗೀಬೇಡ. ನೆಂಟರು ಒಳಗೆ ಬಂದ್ರೆ ಕೂಸು ಎತ್ಕೊಳ್ದೆ ಹೋಗ್ತಾರಾ? ಅವರು ಎತ್ಕೊಂಡ ಕೂಸು ಮತ್ತೆ ಕೆಳಗಿಳಿಯಲ್ಲ. ಹಾಗಂತ ಸುಮ್ನೇನೂ ಇರ್ಬೇಡ. ಉತ್ತರ ಕೊಡದಿದ್ರೆ, ಮನೆಯೋರಲ್ವಾ... ತಾವೇ ಅಗುಳಿ ತೆಕ್ಕೊಂಡು ಬರ್ತಾರೆ.”

“ಮತ್ತೆ ಏನು ಹೇಳ್ಲಿ?”

ಅಜ್ಜ ಸೌಟು ತೊಳೆದು ಕವುಚಿಟ್ಟ. “ಗೊತ್ತಿದ್ರೆ ಹೇಳ್ತಿರ್ಲಿಲ್ವಾ, ಮಗಾ.”

ಮಾರನೇ ದಿನ ಟೂರು ಮೆಕ್ನೆಸ್‌ಗೆ. ಕೋಟೆಬಾಗಿಲು, ಹಳೇ ಕಣಜ, ಕುದುರೆಲಾಯ... ಅಣ್ಣ ತೋರಿಸಿದ್ದೇ ತೋರಿಸಿದ್ದು, ಒಂದರಲ್ಲೂ ಮನಸ್ಸಿಲ್ಲ. ಯಾವುದೋ ಕಾಲದ ದೊಡ್ಡಮನೆಯೊಂದರ ಮುಂದೆ ಮದಾಮ್ ಮತ್ತೆ ಶುರು ಮಾಡಿದಳು. “ನೋಡಿ, ಎರಡು ಕಡಗ! ತಟ್ಟಿ, ತಟ್ಟಿ!”

“ಬೇಡ ಮದಾಮ್.” ಅಣ್ಣ ಕೈಯೆರಡನ್ನೂ ಜೇಬಿಗಿಟ್ಟುಕೊಂಡ.

ಗಾಳಿ ಇರಲಿಲ್ಲ. ಯಾರೂ ಬಾಗಿಲ ಹತ್ತಿರ ಇರಲಿಲ್ಲ. ನನ್ನ ಕಣ್ಣಾಣೆ, ಚಿಕ್ಕ ಕಡಗ ಮೆಲ್ಲಗೆ ತೂಗುತ್ತಿತ್ತು... ಈಗಷ್ಟೇ ಯಾರೋ ಕೈ ಬಿಟ್ಟ ಹಾಗೆ.

ಫೆಸ್‌ಗೆ ವಾಪಸು ಬಂದೆವು, ಹೆಸರಿಡುವ ದಿನದ ಹಿಂದಿನ ರಾತ್ರಿಯೂ ಬಂತು. ಅಣ್ಣನದು ಕೋಟೆಯೊಳಗಿನ ಹಳೇ ಮನೆ, ಅದರ ಬಾಗಿಲಿಗೂ ಎರಡು ಕಡಗ. ಅಂಗಳದಲ್ಲಿ ನಾಳೆ ಕೊಯ್ಯಲು ತಂದ ಕುರಿ ಕಟ್ಟಿತ್ತು. ಹನಿಯ್ಯಾ ಅತ್ತಿಗೆ ಕೂಸನ್ನು ಮಡಿಲಿಂದ ಇಳಿಸಿರಲಿಲ್ಲ. ದಿಂಬಿನ ಪಕ್ಕ ಉಪ್ಪು, ಮೇಣದಬತ್ತಿ. ಧೈರ್ಯಕ್ಕಿರಲಿ ಅಂತ ನನ್ನನ್ನೂ ಕರೆಸಿದ್ದರು. ಮತ್ತಿನ್ಯಾರನ್ನು ಕರೆಸುತ್ತಾರೆ?

ಕುರಿ ಮೆಲುಕು ಹಾಕುತ್ತಿತ್ತು. ಕರ್ಚ್... ಕರ್ಚ್... ಇದ್ದಕ್ಕಿದ್ದಂತೆ ನಿಲ್ಲಿಸಿತು.

ಚರ್ರ್... ಚರ್ರ್...

ಟಿಣ್... ಟಿಣ್.

“ಬಂತು,” ಅಂದಳು ಅತ್ತಿಗೆ.

“ಹಮ್ಮೂ, ನೀನು ಹೋಗಿ ಮಾತಾಡೋ,” ಅಂದ ಅಣ್ಣ.

“ಮನೆ ನಿಂದು ಅಣ್ಣಾ. ನಾನು ಬರೀ ಡ್ರೈವರ್ರು.”

“ಕಾಡುಹಂದಿ ಓಡ್ಸಿದ್ದೆ ಅಂತಿದ್ದೆ?”

“ಹಂದಿ ಬಾಗ್ಲು ತಟ್ಟಲ್ಲ!”

“ಮೀಸೆ ಹೊತ್ತ ಕೋಳಿಗಳಾ, ಬಾಯಿ ಮುಚ್ಕೊಂಡು ಕೂತ್ಕೊಳ್ರೋ,” ಅಂತ ಇತ್ತೊ ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು.

ಟಿಣ್... ಟಿಣ್.

ಬಾಗಿಲಿಗೆ ಹೋಗಿ ಕೇಳಿದಳು. “ಯಾರು?”

“ನಮ್ಮವರೇ.”

ಅದು ಹೆಂಗಸಿನ ದನಿ ಅಲ್ಲ. ಅಣ್ಣನ ದನಿ. ಆ ರಾತ್ರಿ ನಲ್ಲಿಕಟ್ಟೆ ಎದುರು ಅವನು ಹೇಗೆ ಹೇಳಿದ್ದನೋ ಹಾಗೇ, ಅದೇ ಆತುರ, ಕೊನೆಯಲ್ಲಿ ಅದೇ ಸಣ್ಣ ಎಳೆತ. ಅಣ್ಣ ನನ್ನ ಪಕ್ಕದಲ್ಲಿ ಕೂತಿದ್ದ. ಬಾಯಿ ಬಿಗಿಯಾಗಿ ಮುಚ್ಚಿತ್ತು. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ.

“ಅಮ್ಮಾ, ತೆಗಿ... ನಾನೇ.”

ದೊಡ್ಡಮ್ಮ ತಿರುಗಿ ಮಗನನ್ನು ನೋಡಿದಳು. ಮತ್ತೆ ಬಾಗಿಲು ನೋಡಿದಳು. ಅವಳ ಕೈ ಅಗುಳಿಯ ಮೇಲೆ ಹೋಯಿತು... ಅತ್ತಿಗೆ ಕೂಸನ್ನು ಎದೆಗೆ ಒತ್ತಿಕೊಂಡಳು. ದೊಡ್ಡಮ್ಮ ಅಗುಳಿಯನ್ನು ಎಳೆಯಲಿಲ್ಲ. ಇನ್ನೂ ಒಳಕ್ಕೆ ದೂಡಿದಳು.

“ನಾನು ಬೆಟ್ಟದೋಳು ಕಣಪ್ಪಾ. ನಮ್ಮೂರಲ್ಲಿ ಬಾಗ್ಲಿಗೆ ಕಡಗ ಇಲ್ಲ. ನಮ್ಮವರು ಆಚೆಯಿಂದ ಹೆಸರು ಹಿಡಿದು ಕೂಗ್ತಾರೆ. ನೀನು ನಮ್ಮವನಾದ್ರೆ ಕೂಸಿನ ಹೆಸರು ಹಿಡಿದು ಕೂಗು. ತೆಗೀತೀನಿ.”

ಹೆಸರು ಅವಳ ಮನಸ್ಸಿನಲ್ಲಿ ಮಾತ್ರ ಇತ್ತು. ಅಣ್ಣನಿಗೂ ಹೇಳಿರಲಿಲ್ಲ.

ಹೊರಗೆ ಏನೂ ಇಲ್ಲ. ಉಸಿರು ಮಾತ್ರ... ಮರಳು ಜರಿದ ಹಾಗೆ, ಸ್‌ಸ್‌ಸ್... ಸ್‌ಸ್‌ಸ್... ಬಾಗಿಲ ಸಂದಿನ ಉದ್ದಕ್ಕೂ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಮೇಣದಬತ್ತಿ ಅರ್ಧ ಇಂಚು ಕರಗಿರಬೇಕು.

ಆಮೇಲೆ...

ಢಣ್.

ದೊಡ್ಡ ಕಡಗ!

ಸೋತಿತ್ತು. ತಾನು ಹೊರಗಿನದು ಅಂತ ತಾನೇ ಒಪ್ಪಿಕೊಂಡಿತ್ತು. ಆದರೆ ದೊಡ್ಡ ಕಡಗ ಅಂದರೆ ಮನೆಯ ಗಂಡಸು ಎದ್ದು ಹೋಗಬೇಕು. ಅಣ್ಣ ಎದ್ದೇಬಿಟ್ಟ. ಕಣ್ಣು ಬಾಗಿಲ ಮೇಲೆ, ರೆಪ್ಪೆ ಆಡುತ್ತಿಲ್ಲ. ನಿದ್ದೆಯಲ್ಲಿ ನಡೆಯುವವನ ಹಾಗೆ ಒಂದು ಹೆಜ್ಜೆ ಇಟ್ಟ. ಅವನ ಅಂಗಿ ಹಿಡಿದು ಎಳೆದು ಕೂರಿಸಿದವನು ನಾನು. ಇದನ್ನು ನೆನಪಿಟ್ಟುಕೊಳ್ಳಿ.

ಢಣ್.

“ಮನೇಲಿ ಗಂಡಸರು ಯಾರೂ ಇಲ್ಲ,” ಅಂದಳು ದೊಡ್ಡಮ್ಮ, ಗಟ್ಟಿಯಾಗಿ.

ಎರಡು ಮೀಸೆ ಅಲ್ಲೇ ಕೂತಿದ್ದವು. ನಾನು ಎದುರು ಹೇಳಬಹುದಿತ್ತು. ಹಿರಿಯರ ಮಾತಿಗೆ ಎದುರು ಆಡಬಾರದು ಅಂತ ಸುಮ್ಮನಾದೆ.

ಗಂಡಸರಿಲ್ಲದ ಮನೆ ಬಾಗಿಲಲ್ಲಿ ಹೊರಗಿನವರು ನಿಲ್ಲುವ ಹಾಗಿಲ್ಲ. ನಮ್ಮಲ್ಲಿ ಕಳ್ಳನಿಗೂ ಅದು ಗೊತ್ತು. ಆಮೇಲೆ ಚರ್ರ್... ಚರ್ರ್... ಬೀದಿ ಇಳಿದು ಹೋಯಿತು. ಕುರಿ ಮತ್ತೆ ಮೆಲುಕು ಶುರು ಮಾಡಿತು. ಅಷ್ಟು ಹೊತ್ತೂ ಅಳದ ಕೂಸು ಆಗ ಅತ್ತಿತು. ಅತ್ತಿಗೆಯೂ ಅತ್ತಳು.

ಬೆಳಗಾದ ಮೇಲೆ ಬಾಗಿಲು ತೆಗೆದೆವು. ಹೊಸ್ತಿಲ ಮೇಲೆ ನೀಲಿ ಕಾಗದ ಸುತ್ತಿದ, ಗೋಪುರದ ಆಕಾರದ ಸಕ್ಕರೆ ಗಟ್ಟಿ ಇತ್ತು. ಕೂಸು ನೋಡಲು ಬರುವವರು ನಮ್ಮಲ್ಲಿ ತರುವುದು ಅದನ್ನೇ. ಹೊರಗಿನವರಾದರೂ ಬರಿಗೈಯಲ್ಲಿ ಬರುವುದಿಲ್ಲ.

“ತಿನ್ನೋ ಹಾಗಿಲ್ಲ, ಬಿಸಾಕೋ ಹಾಗೂ ಇಲ್ಲ,” ಅಂತ ದೊಡ್ಡಮ್ಮ ಅದನ್ನು ಅಟ್ಟಕ್ಕೆ ಹಾಕಿಸಿದಳು. ಆಮೇಲೆ ಕೂಸಿನ ಹೆಸರನ್ನು ಎಲ್ಲರೆದುರು ಹೇಳಿದಳು. ತೂದಾ.

ತೂದಾ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಅಣ್ಣ ಟೂರು ಬಿಟ್ಟಿಲ್ಲ. ಬಾಗಿಲ ಕಡಗಗಳನ್ನು ಈಗಲೂ ತೋರಿಸುತ್ತಾನೆ, ಬೆರಳು ತಾಗಿಸುವುದಿಲ್ಲ.

ಸುಳ್ಳು ಅನ್ನುವವರು ಫೆಸ್‌ಗೆ ಬನ್ನಿ, ಏಣಿ ನಾನೇ ಹಿಡಿಯುತ್ತೇನೆ. ಆ ಮನೆಯಲ್ಲಿ ಇರುವೆ ಕಾಟ ಎಷ್ಟು ಅಂದರೆ, ಅತ್ತಿಗೆ ಜೇನಿನ ಬಾಟಲಿಯನ್ನು ನೀರು ತುಂಬಿದ ತಟ್ಟೆಯೊಳಗೆ ಇಡುತ್ತಾಳೆ. ಅಟ್ಟದ ಮೇಲಿರುವ ಸಕ್ಕರೆ ಗಟ್ಟಿಯ ಕಾಗದ ಒಂದು ಮೂಲೆಯಲ್ಲಿ ಹರಿದು ಒಳಗಿನ ಬಿಳುಪು ಕಾಣುತ್ತೆ. ಹೋದ ವಾರವೂ ಹತ್ತಿ ನೋಡಿದೆ... ಒಂದು ಇರುವೆಯೂ ಅದನ್ನು ಮುಟ್ಟಿಲ್ಲ.