ಹೆಸರು ಹೇಳದೆ ಹೇಳಿದ ಕಥೆ

ಘನ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರೇ, ಮುಂದಿನ ಸಾಲಿನ ದೊಡ್ಡವರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಸಭಿಕರೇ,

ನಾನು ಕಲಿತದ್ದು ಹಳ್ಳಿ ಶಾಲೆಯಲ್ಲಿ. ಆದರೆ ಭಾಷಣಕ್ಕೆ ನಿಂತೆನೆಂದರೆ ಪದವೀಧರರೂ ಬಾಯಿ ಬಿಟ್ಟುಕೊಂಡು ಕೂರಬೇಕು! ಅಕ್ಕನ ಮಗಳು ಪುಟ್ಟಿ ಬಾಗಿಲಲ್ಲೇ ತಡೆದು, "ಮಾವ, ನಾಲ್ಕು ಮಾತಾಡಿ ಇಳಿದುಬಿಡಿ. ನಮ್ಮ ಮನೆ ಸುದ್ದಿ ಬೇಡ" ಅಂದಳು. ಮನೆ ಸುದ್ದಿ ಹೇಳಲು ನಾನೇನು ದಡ್ಡನೇ?

ಹಾಗಾಗಿ ಯಾವುದೋ ಜೋಡಿಯ ಕಥೆ ಹೇಳುತ್ತೇನೆ. ಹೆಸರಿಲ್ಲ, ವಿಳಾಸವಿಲ್ಲ. ಗಂಡನಲ್ಲಿ ವೀರ್ಯಾಣುಗಳೇ ಇರಲಿಲ್ಲ. ದಾನಿಯ ವೀರ್ಯಕ್ಕೆ ಇಬ್ಬರೂ ಒಪ್ಪಿದರು. ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು, "ದಾನಿಯದು ಪರೀಕ್ಷೆ ಆಗಿರುತ್ತೆ, ಆ ಚಿಂತೆ ಬಿಡಿ. ಮುಖ್ಯವಾದದ್ದು ಹೆಣ್ಣಿನ ವಯಸ್ಸು. ಗರ್ಭನಾಳ ತೆರೆದಿರಬೇಕು. ಆಮೇಲೆ ಹೊತ್ತು! ಅಂಡ ಹೊರಬೀಳೋ ಹೊತ್ತು ತಪ್ಪಿದರೆ ಆ ತಿಂಗಳು ಹೋದ ಹಾಗೆ. ಒಂದೆರಡು ಸಲ ಗರ್ಭ ನಿಲ್ಲದಿದ್ದರೆ ಎದೆಗುಂದಬೇಡಿ" ಎಂದರು.

ಮೊದಲ ಸಲ ನಿಲ್ಲಲಿಲ್ಲ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮುಂದಿನ ತಿಂಗಳು ಆಸ್ಪತ್ರೆಗೆ ಹೊರಟರೆ ರಸ್ತೆ ತುಂಬ ಗಾಡಿಗಳು! ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದು ಯಾರು? ಹೇಳಿ ನೋಡೋಣ, ಯಾರು? ನಾನು! ಅವರದೇ ವ್ಯಾನಿನಲ್ಲಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಅವಳು, ಪಕ್ಕದಲ್ಲಿ ವೈರಿನ ಸುರುಳಿ ತಬ್ಬಿಕೊಂಡು ಅವನು. ಸಂದಿಗೊಂದಿಯಲ್ಲೆಲ್ಲ ವ್ಯಾನು ನುಗ್ಗಿಸಿದೆ. ಆ ಮಗು ಈಗ ಎರಡನೇ ಕ್ಲಾಸು!

ಯಾಕೆ, ಚಪ್ಪಾಳೆ ಇಲ್ಲವೇ? ಎಲ್ಲರೂ ಯಾಕೆ ಮೈಕ್ ಸೆಟ್ಟಿನ ಮೇಜಿನ ಕಡೆ ತಿರುಗಿದಿರಿ?

ಅಯ್ಯೋ.

ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡವರು ಇಲ್ಲಿ ಒಬ್ಬರೇ. ಆ ಮೇಜಿನ ಹಿಂದಿರುವವರು. ನಮ್ಮ ಪುಟ್ಟಿಯ ಗಂಡ.

ಅಳಿಯಂದ್ರೇ, ತಪ್ಪಾಯಿತು. ನಿಮ್ಮ ಬೆರಳು ಗುಂಡಿಯ ಮೇಲೇ ಇತ್ತು. ಒಂದು ಸಲ ಒತ್ತಿದ್ದರೆ ನನ್ನ ಸದ್ದಡಗುತ್ತಿತ್ತು. ಯಾಕೆ ಒತ್ತಲಿಲ್ಲ? ಎದ್ದು ಬರುತ್ತಿದ್ದೀರಾ? ಬನ್ನಿ, ಮೈಕ್ ಕಿತ್ತುಕೊಳ್ಳಿ. ನನಗೆ ತಕ್ಕದ್ದೇ.

ಸಭಿಕರೇ, ನೋಡಿದಿರಲ್ಲ? ಕಿತ್ತುಕೊಳ್ಳಲಿಲ್ಲ. ನನ್ನ ಬಾಯಿಗೆ ಇನ್ನಷ್ಟು ಹತ್ತಿರ ಇಟ್ಟರು. ಕಿವಿಯಲ್ಲಿ ಏನಂದರು ಗೊತ್ತೇ? "ಇಷ್ಟು ಹೇಳಿದ್ದೀರಿ, ಅವಳು ನನ್ನ ಮಗಳು ಅನ್ನೋದನ್ನೂ ಹೇಳಿಬಿಡಿ ಮಾವ."

ಅವಳು ಇವರ ಮಗಳು. ಹಿಂದಿನ ಸಾಲಿಗೂ ಕೇಳಿಸಿತೇ? ಇವರ ಮಗಳು.

ಪುಟ್ಟೀ, ತಲೆ ಎತ್ತಮ್ಮ. ತಗ್ಗಬೇಕಾದದ್ದು ನನ್ನ ತಲೆ. ಡಾಕ್ಟರಮ್ಮ, ನಿಮಗೆ ಕೈಮುಗಿದೆ. ಕೇಳಿಸಿಕೊಂಡವರಿಗೆಲ್ಲ ವಂದನೆ. ಅಳಿಯಂದ್ರೇ, ಈಗ ಮೈಕ್ ಆರಿಸಿಬಿಡಿ.

ನಮಸ್ಕಾರ.