ಇನ್ನೂರ ಹದಿನಾಲ್ಕನೆಯ ಖಾಲಿ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಜನ ತಮ್ಮ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಬಸವಂತ್ರಾಯ ಎಂಬ ಆವಾಜಿನ ದರ್ಜಿ ಇದ್ದ. ಬೇರೆ ದರ್ಜಿಗಳು ಬಟ್ಟೆ ಕತ್ತರಿಸಿದರೆ ಈತ ದನಿ ಕತ್ತರಿಸುತ್ತಿದ್ದ. ಅಬ್ಬೆತುಮಕೂರಿನ ಮಠದ ಭಜನೆಯ ನಡುವೆ ಯಾರೋ ಕೆಮ್ಮಿದ್ದು, ಮದುವೆಯ ಹಾಡಿನ ನಡುವೆ ನಾಯಿ ಬೊಗಳಿದ್ದು, ಪುರಾಣದ ನಡುವೆ ಹಿತ್ತಾಳೆ ತಂಬಿಗೆ ಉರುಳಿದ್ದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುತ್ತಿದ್ದ. ಆದರೆ ಅವನು ಎಲ್ಲಕ್ಕಿಂತ ಹೆಚ್ಚು ತೆಗೆದದ್ದು ಏನೂ ಇಲ್ಲದ್ದನ್ನು. ಮಾತು ನಿಂತು ಇನ್ನೊಂದು ಮಾತು ಬರುವ ತನಕದ ಸುಮ್ಮನಿರುವಿಕೆಯನ್ನು. ಅಂಗಡಿಯ ಭಾಷೆಯಲ್ಲಿ ಅದಕ್ಕೆ ‘ಖಾಲಿ’ ಎನ್ನುತ್ತಿದ್ದರು.

ಆ ಅಂಗಡಿ ಈಗಲೂ ಇದೆ. ಹೊರಗಿನ ಸದ್ದು ತಡೆಯಲು ಗೋಡೆಗೆ ಹೊಡೆದ ಹಳೆಯ ಕೌದಿಗಳು ಬಣ್ಣಗೆಟ್ಟಿವೆ, ಸಾಲು ನಿಲ್ಲುವ ಜನ ಇಲ್ಲ, ಬಸವಂತ್ರಾಯನಿಗೆ ಎಪ್ಪತ್ತು ದಾಟಿದೆ. ಶ್ರಾವಣದ ಒಂದು ಮಧ್ಯಾಹ್ನ ಸುರಪುರದ ಶಿವರಂಜನಿ ಆ ಅಂಗಡಿಯ ಬೆಂಚಿನ ಮೇಲೆ ತೊಯ್ದ ದುಪಟ್ಟಾ ಹಿಂಡಿಕೊಂಡು ಕೂತಿದ್ದಳು. ಹೊರಗೆ ಮಳೆ ಬೇಸರವಿಲ್ಲದೆ ಸುರಿಯುತ್ತಿತ್ತು. ಹಳ್ಳ ರಸ್ತೆಯ ಮೇಲೆ ಬಂದು ಸುರಪುರದ ಬಸ್ಸುಗಳು ನಿಂತಿದ್ದವು. ಅವಳನ್ನು ಇಲ್ಲಿಗೆ ತಂದ ಆಟೋದ ಸುಲ್ತಾನಸಾಬ, ಇನ್ನು ಸವಾರಿ ಸಿಗುವುದಿಲ್ಲವೆಂದು ತಾನೂ ಒಳಗೆ ಬಂದು ಗೋಡೆಗೊರಗಿದ್ದ.

“ಮುತ್ಯಾ, ಇದರಾಗ ನಮ್ಮ ಆಯಿ ಹೇಳಿದ ಕತಿ ಅದ,” ಎಂದು ಶಿವರಂಜನಿ ಅಜ್ಜಿಯ ದನಿಯಿದ್ದ ಪೆನ್‌ಡ್ರೈವ್ ಮುಂದೆ ಚಾಚಿದಳು. “ಹೋದ ವರ್ಷ ಮೊಬೈಲಿನಾಗ ರೆಕಾರ್ಡ್ ಮಾಡಿದ್ದು. ಈಗ ಆಕಿ ಇಲ್ಲ. ನಡುನಡುವ ಭಾಳ ಖಾಲಿ ಅದಾವ್ರಿ, ತಗದ ಕೊಡ್ರಿ. ಯೂಟ್ಯೂಬಿಗೆ ಹಾಕಿದ್ರ ಮಂದಿ ‘ನೆಟ್ ಹೋತೇನು’ ಅಂತ ಕೇಳಾಕತ್ಯಾರ.”

ಸುಲ್ತಾನಸಾಬ ನಕ್ಕ. “ನಡುವ ಖಾಲಿ ಬಿಡೂ ಹೆಣ್ಮಕ್ಕಳು ಇರ್ತಾರೇನು? ನಮ್ಮಾಕಿ ಉಸುರು ತಗೊಳ್ಳಾಕೂ ನಿಲ್ಲಂಗಿಲ್ಲ ತಂಗಿ.”

“ಹೂಂ,” ಎಂದಿತು ಅಂಗಡಿಯ ಹಿಂದಿನ ಪರದೆಯ ಆಚೆಯಿಂದ ಒಂದು ಹೆಣ್ಣುದನಿ.

ಬಸವಂತ್ರಾಯ ಪೆನ್‌ಡ್ರೈವ್ ಮುಟ್ಟಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ನಿದ್ದೆಗೆಟ್ಟ ಕಣ್ಣು, ಒಂದು ದಿನದ್ದಲ್ಲ.

“ಖಾಲಿ ತಗಿಯೂದು ಬಿಟ್ಟು ಹನ್ನೊಂದು ವರ್ಷ ಆತು ಯವ್ವಾ. ಈಗ ನಾ ತುಂಬೂದೊಂದ ಮಾಡ್ತೀನಿ.”

“ಯಾಕ್ರಿ?”

“ಬಸ್ಸಂತೂ ಇಲ್ಲ. ಕುಂದ್ರು, ಹೇಳ್ತೀನಿ. ಸಾಬಾ, ನೀನೂ ಕೇಳು. ಆದ್ರ ನಾ ನಡುವ ನಿಂತ್ರ ನೀವು ಹೂಂ ಅನ್ನಬ್ಯಾಡ್ರಿ... ಅನ್ನಾಕಿ ಬ್ಯಾರೆ ಅದಾಳ.”

ಆಯಿಯ ಪಕ್ಕದಲ್ಲಿ ಕತೆ ಕೇಳಿ ಬೆಳೆದ ಶಿವರಂಜನಿಗೆ ಹೂಂ ಅನ್ನದೆ ಕತೆ ಕೇಳುವುದು ಹೇಗೆಂದೇ ಗೊತ್ತಿರಲಿಲ್ಲ. ತುಟಿ ಕಚ್ಚಿ ಕೂತಳು. ಮುದುಕ ಶುರುಮಾಡಿದ.

“ಇಲ್ಲೇ ದೇವಾಪುರದಾಗ ಹಣಮಂತಮ್ಮ ಅಂತ ಒಬ್ಬಾಕಿ ಇದ್ಲು. ಕತಿ ಹೇಳೂದ್ರಾಗ ಆಕಿ ಮುಂದ ಯಾರೂ ಇಲ್ಲ. ಆಕಿಗೊಬ್ಬ ಸವತಿ, ಅಯ್ಯಮ್ಮ. ಮೂವತ್ತು ವರ್ಷ ಒಂದ ಮನ್ಯಾಗ ಇದ್ರೂ ಒಬ್ಬರಿಗೊಬ್ಬರು ಮಾತಿಲ್ಲ. ಉಪ್ಪು ಬೇಕಾದ್ರ ಗಂಡಗ ಹೇಳ್ತಿದ್ರು, ಗಂಡ ಇಲ್ಲಂದ್ರ ಬೆಕ್ಕಿಗೆ ಹೇಳ್ತಿದ್ರು. ಆದ್ರ ಬೀಸೂ ಕಲ್ಲಿಗೆ ಇಬ್ಬರ ಕೈ ಬೇಕಲ್ಲ? ಎದುರಾಬದುರು ಕುಂತು ಜ್ವಾಳ ಬೀಸೂವಾಗ ಹಣಮಂತಮ್ಮ ಕತಿ ಹೇಳಾಕಿ, ಅಯ್ಯಮ್ಮ ಹೂಂ ಅನ್ನಾಕಿ. ಮೂವತ್ತು ವರ್ಷದಾಗ ಸವತಿ ಸವತಿಗೆ ಆಡಿದ್ದು ಅದೊಂದ ಮಾತು...”

“ಹೂಂ,” ಎಂದಿತು ಪರದೆಯ ಹಿಂದಿನ ದನಿ.

ಸುಲ್ತಾನಸಾಬ ಆ ಕಡೆ ತಿರುಗಿ ನೋಡಿದ. ಈ ಸಲ ನಗಲಿಲ್ಲ.

“ಅಯ್ಯಮ್ಮ ಸತ್ಲು. ಹಣಮಂತಮ್ಮ ಒಂದು ಹನಿ ಅಳಲಿಲ್ಲಂತ ಊರ ಮಂದಿ ಆಡ್ಕೊಂಡ್ರು. ಆದ್ರ ಕತಿ ಹೇಳೂವಾಗ ಏನು ಮಾಡಾಕಿ ಗೊತ್ತೇನು? ನಾಕು ಮಾತು ಹೇಳಿ ನಿಲ್ಲಾಕಿ, ಕುತ್ತಿಗಿ ಒಂದು ಕಡೆ ವಾಲಿಸಿ ಏನೋ ಕೇಳಿಸ್ಕೊಂಡಂಗ ಮಾಡಾಕಿ, ಆಮ್ಯಾಲ ಮುಂದ ಹೋಗಾಕಿ. ನಾ ಆಕಿ ಬೀಸೂ ಕಲ್ಲಿನ ಮುಂದ ಮೈಕ್ ಇಟ್ಟು ಒಂದು ತಾಸಿನ ಕತಿ ರೆಕಾರ್ಡ್ ಮಾಡ್ಕೊಂಡು ಬಂದೆ. ಏಳು ಬಾಗಲದ ರಾಣಿ ಕತಿ. ಇಲ್ಲಿ ಬಂದು ಕೇಳ್ತೀನಿ, ಬರೇ ಖಾಲಿ, ಬರೇ ಖಾಲಿ. ಯಾರು ತಗೋತಾರ ಇದನ್ನ? ಕಂಪ್ಯೂಟರಿನಾಗ ಒಂದು ಗುಂಡಿ ಅದ ಯವ್ವಾ... ಇಷ್ಟು ಸೆಕೆಂಡು ಆವಾಜಿಲ್ಲಂದ್ರ ಕತ್ತರಸು ಅಂದ್ರ ಎಲ್ಲಾ ಒಮ್ಮೆಲೆ ಕತ್ತರಸ್ತದ. ಒತ್ತಿದೆ. ಇನ್ನೂರ ಹದಿನಾಲ್ಕು ಖಾಲಿ ಹೋದ್ವು. ತಾಸಿನ ಕತಿ ನಲವತ್ತು ನಿಮಿಷಕ್ಕ ಬಂತು. ಖುಷಿಯೊಳಗ ಅಸಲಿ ಫೈಲಿನ ಮ್ಯಾಲೇ ಸೇವ್ ಮಾಡಿಬಿಟ್ಟೆ.”

“ಹೂಂ.”

“ಮೂರನೇ ದಿನಕ್ಕ ಗಿರಾಕಿ ಜಗಳಕ್ಕ ಬಂದ್ರು. ‘ಏನೋ ಬಸಣ್ಣ, ನೀ ತುಂಬಿದ ಹಾಡು ನಡುವ ಸಾಯ್ತದಲ್ಲೋ, ಮತ್ತ ಜೀವ ಬರ್ತದಲ್ಲೋ.’ ಹಚ್ಚಿ ನೋಡಿದೆ. ಖರೆ. ಬರೋಬ್ಬರಿ ಕುಣಿಯೂ ಹಾಡು, ನಡುವ ನಾಕು ಸೆಕೆಂಡು ಖಾಲಿ. ಇನ್ನೊಂದ್ರಾಗ ಆರೂವರಿ. ಬಸ್ಸಿನ ಟೇಪಿನಾಗ, ಚಾದಂಗಡಿ ಸ್ಪೀಕರಿನಾಗ, ಎಲ್ಲಾ ಕಡೆ. ಹೆಡ್‌ಫೋನ್ ಹಾಕ್ಕೊಂಡು ಆವಾಜು ಪೂರಾ ಏರಿಸಿದೆ. ಆ ಖಾಲಿಯೊಳಗ ಏನು ಕೇಳಿಸ್ತು ಹೇಳ್ಲೇನು? ಬೀಸೂ ಕಲ್ಲು ನಿಂತ ಮ್ಯಾಲ ಹಿಟ್ಟು ಸಣ್ಣಗ ಉದರ್ತದಲ್ಲ... ಅದು. ನಾ ಹೊರಗ ಹಾಕಿದ ಖಾಲಿಗಳು ಮನಿ ಕಳಕೊಂಡವರಂಗ ಸಿಕ್ಕ ಸಿಕ್ಕ ಹಾಡಿನಾಗ ಹೊಕ್ಕು ಕುಂತಿದ್ವು.”

ಅವನು ನೀರು ಕುಡಿದ. ಪರದೆಯ ಹಿಂದಿನ ದನಿ ಆ ಅಂತರದಲ್ಲೂ ತನ್ನ ಕೆಲಸ ತಪ್ಪಿಸಲಿಲ್ಲ.

“ಈಗ ಕೇಳ್ರಿ. ಒಂದು ದಿನ ಅಂಗಡ್ಯಾಗ ಹಾಡು ಹಚ್ಚಿದ್ದೆ. ನನ್ನ ಹೆಂಡ್ತಿ ಭೀಮಾಬಾಯಿ ಒಳಗ ರೊಟ್ಟಿ ಬಡಿಯಾಕತ್ತಿದ್ಲು. ಹಾಡು ನಡುವ ನಿಂತಿತು. ಯಾರೋ ಏನೋ ಕೇಳಿ ಜವಾಬಿಗೆ ನಿಂತಾರ ಅಂತ ತಿಳದು ಈಕಿ ‘ಹೂಂ’ ಅಂದುಬಿಟ್ಲು. ಅಷ್ಟ... ಅವತ್ತಿನಿಂದ ಈಕಿ ಬಾಯಾಗ ಬ್ಯಾರೆ ಮಾತಿಲ್ಲ. ಉಂಡೇನು? ಹೂಂ. ಉಣ್ಣಲಿಲ್ಲೇನು? ಹೂಂ. ನಿದ್ದಿ ಇಲ್ಲ. ಮಗ್ಗಲಾದ್ರ ಕಣ್ಣು ತಕ್ಕೊಂಡೇ ಇರ್ತಾಳ, ಯಾರಿಗೋ ಹೂಂ ಹೂಂ ಅಂತಾಳ. ಯಾದಗಿರಿ ಡಾಕ್ಟರು ನೋಡಿದ್ರು, ದರ್ಗಾದಾಗ ದಾರ ಕಟ್ಟಿಸಿದೆ, ಮಠದಾಗ ಅಂಗಾರ ಹಚ್ಚಿಸಿದೆ. ಕಡೀಕ ದೇವಾಪುರಕ್ಕ ಹೋಗಿ ಹಣಮಂತಮ್ಮನ ಕಾಲು ಹಿಡದೆ. ಆಕಿ ಬಂದು ಈಕಿ ಮುಂದ ಕುಂತು ಒಂದು ಹೂಂ ಕೇಳಿದ್ಲು. ‘ಇದು ನಿನ್ನ ಹೆಂಡ್ತೀದಲ್ಲೋ ಭಾಡ್ಯಾ,’ ಅಂದ್ಲು. ‘ಮೂಗಿನಾಗ ಅಂತಾಳ ನೋಡು, ಸೊಕ್ಕಿನಾಕಿ. ನನ್ನ ಸವತೀದು. ಆಕಿ ಕುಂದರೂ ಜಾಗಾ ನೀ ಕತ್ತರಿಸಿ ಒಗದಿ, ಈಗ ಇಲ್ಲಿ ಬಂದು ಕುಂತಾಳ. ಎಲ್ಲಾ ಖಾಲಿ ವಾಪಸ್ ಇಡು. ಇಡತೀನಂತ ಮಾತು ಕೊಡು.’ ಕೊಟ್ಟೆ.”

ಮಾತು ಕೊಟ್ಟ ಮೇಲೆ ಆದದ್ದನ್ನು ಮುದುಕ ದಣಿದ ದನಿಯಲ್ಲಿ, ಕೈಸನ್ನೆಯಲ್ಲಿ ಹೇಳಿದ. ಕಂಪ್ಯೂಟರು ಕೊಡುವ ಖಾಲಿ ಹೆಣದಂಥ ಖಾಲಿ, ಅದರಲ್ಲಿ ಗಾಳಿಯೂ ಇರುವುದಿಲ್ಲ. ಆದ್ದರಿಂದ ಅವನು ಹಣಮಂತಮ್ಮನ ಬೀಸುವ ಕೋಣೆಗೆ ಹೋಗಿ ಯಾರೂ ಮಾತಾಡದ ಕೋಣೆಯನ್ನೇ ರೆಕಾರ್ಡ್ ಮಾಡಿ ತಂದ. ಪ್ರತಿ ಸಂತೆಯ ದಿನ ಮುದುಕಿ ಟಂಟಂ ಗಾಡಿಯಲ್ಲಿ ಬರುತ್ತಿದ್ದಳು. ಕತೆ ಹಚ್ಚಿದರೆ, ಕತ್ತರಿಸಿದ ಜಾಗದಲ್ಲಿ ಕೈ ಎತ್ತುತ್ತಿದ್ದಳು. ಭೀಮಾಬಾಯಿಯ ಬಾಯಿಂದ ಹೂಂ ಬಂದಾಗ ಇಳಿಸುತ್ತಿದ್ದಳು. ಕೈ ಎತ್ತಿ ಇಳಿಸಿದಷ್ಟು ಹೊತ್ತಿನ ಖಾಲಿಯನ್ನು ಅವನು ಅಲ್ಲಿ ಕೂರಿಸುತ್ತಿದ್ದ. ಒಂದೊಂದು ಕೂರಿಸಿದಂತೆ ಊರಿನ ಒಂದೊಂದು ಹಾಡು ಸರಿಯಾಯಿತು. ಎರಡು ವರ್ಷದಲ್ಲಿ ಇನ್ನೂರ ಹದಿಮೂರು.

“ಉಳಿದದ್ದು ಒಂದು. ಕತಿ ಮುಗದ ಮ್ಯಾಲಿಂದು. ಅವತ್ತು ಆಕಿಗೆ ದಣಿವಾಗಿತ್ತು. ‘ಬರೂ ಸಂತಿಗೆ ಮಾಡೂಣು’ ಅಂದ್ಲು. ‘ಅದು ಎಷ್ಟು ಸೆಕೆಂಡಿಂದು ಬೇ?’ ಅಂತ ಕೇಳಿದೆ. ನಕ್ಕು, ‘ಅದಕ್ಕ ಅಳತಿ ಇಲ್ಲಪ್ಪ’ ಅಂತಂದು ಟಂಟಂ ಹತ್ತಿದ್ಲು. ಬರೂ ಸಂತಿಗೆ ಆಕೀನೂ ಇರಲಿಲ್ಲ... ನಾಕು ಸೆಕೆಂಡು ಇಟ್ಟು ನೋಡಿದೆ, ಹತ್ತು ಇಟ್ಟೆ, ಇಪ್ಪತ್ತು ಇಟ್ಟೆ. ಸೇವ್ ಮಾಡ್ತೀನಿ, ಮುಂಜಾನೆದ್ದು ನೋಡಿದ್ರ ಅದು ಇರಂಗಿಲ್ಲ. ಒಂಬತ್ತು ವರ್ಷ ಆತು ಯವ್ವಾ. ನನಗ ಸಾಕಾಗೇದ. ಈಕಿಗೂ ಸಾಕಾಗೇದ. ಒಂದು ತಾಸು ಕಣ್ಣು ಮುಚ್ಚಲಿ ಅಂದ್ರ ಆಗವಲ್ದು.”

“ಹೂಂ,” ಎಂದಿತು ದನಿ. ಅದು ಎಷ್ಟು ಸೋತಿತ್ತೆಂದರೆ ಶಿವರಂಜನಿಗೆ ಹೆದರಿಕೆಗಿಂತ ಮೊದಲು ಕನಿಕರ ಬಂತು.

ಆಗ ಅವಳಿಗೆ ತನ್ನ ಆಯಿ ನೆನಪಾದಳು. ರೆಕಾರ್ಡ್ ಕೆಡಬಾರದೆಂದು ಹೋದ ವರ್ಷ ಇವಳು ದುಪಟ್ಟಾ ಬಾಯಿಗೊತ್ತಿ ಕೂತಿದ್ದಳು. ಆಯಿ ಹೇಳಿ ನಿಲ್ಲುತ್ತಿದ್ದಳು, ಮೊಮ್ಮಗಳ ಮುಖ ನೋಡುತ್ತಿದ್ದಳು, ಕಾಯುತ್ತಿದ್ದಳು. ಪೆನ್‌ಡ್ರೈವಿನ ಖಾಲಿಗಳೆಲ್ಲ ಇವಳು ಅನ್ನದೆ ಬಿಟ್ಟ ಹೂಂಗಳು. ಇನ್ನೂ ಹಿಂದಿನದೂ ನೆನಪಾಯಿತು. ಕೌದಿಯೊಳಗೆ ಕಣ್ಣು ಎಳೆಯುತ್ತಿರುವಾಗ ಆಯಿ ಕತೆ ಮುಗಿಸಿ ಸುಮ್ಮನಾಗುತ್ತಿದ್ದಳು. ‘ಹೂಂ’ ಎಂದರೆ ತೊಡೆ ತಟ್ಟುತ್ತ ಮತ್ತೆ ಸುಮ್ಮನಿರುತ್ತಿದ್ದಳು.

“ಮುತ್ಯಾ,” ಎಂದಳು, “ನೀವು ಹೂಂ ಬರೂತನಾ ಅಳದೀರಿ. ಕಡೀ ಖಾಲಿ ಹಂಗಲ್ರಿ. ಅದು ಹೂಂ ಬರದಂಗ ಆಗೂತನಾ ಇರ್ತದ. ಹೂಂ ಬರಲಿಲ್ಲ ಅಂದ್ರ ಕೇಳಾಕಿ ಮಲಗ್ಯಾಳ ಅಂತ. ನಮ್ಮ ಆಯಿ ಹಂಗ ಮಾಡ್ತಿದ್ಲು.”

ಬಸವಂತ್ರಾಯ ಅವಳನ್ನೇ ನೋಡಿದ. ಒಂಬತ್ತು ವರ್ಷ ಸೆಕೆಂಡು ಎಣಿಸಿದ ಮನುಷ್ಯ, ಮಗು ಮಲಗಿಸಿ ಗೊತ್ತಿಲ್ಲದ ಮನುಷ್ಯ. ಕಂಪ್ಯೂಟರಿನ ಕಡೆ ತಿರುಗಿದ. ಕರೆಂಟು ಹೋಗಿ ಇನ್ವರ್ಟರ್ ಗುಂಯ್ಗುಡುತ್ತಿತ್ತು. ಅದನ್ನು ಆರಿಸಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಕತೆಯ ಕೊನೆ ತೆಗೆದು, ಮೈಕನ್ನು ಪರದೆಯ ಕಡೆ ತಿರುಗಿಸಿದ.

ತೀರಿಕೊಂಡ ಹಣಮಂತಮ್ಮನ ದನಿ ಅಂಗಡಿ ತುಂಬಿತು. “...ರಾಣಿ ಏಳನೇ ಬಾಗಲಾ ಮುಚ್ಚಿದ್ಲು, ಒಳಗಿನ ದೀಪ ಒಳಗ ಉಳೀತು, ಹೊರಗಿನ ದಾರಿ ಹೊರಗ ಉಳೀತು. ಮುಗೀತು ನೋಡವ್ವಾ.” ಅವನು ರೆಕಾರ್ಡಿನ ಗುಂಡಿ ಒತ್ತಿದ.

ಮಳೆ ಮಾತ್ರ ಇತ್ತು. ಸುಲ್ತಾನಸಾಬ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ.

“ಹೂಂ.”

ಬಸವಂತ್ರಾಯನ ಕೈ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಶಿವರಂಜನಿ ಆ ಕೈ ಹಿಡಿದಳು.

ಬಹಳ ಹೊತ್ತಿನ ಮೇಲೆ, “ಹೂಂ.” ಮೂಗಿನ ಸೊಕ್ಕು ಅದರಲ್ಲಿ ಇಳಿದುಹೋಗಿತ್ತು.

ಇನ್ನೂ ಬಹಳ ಹೊತ್ತಿನ ಮೇಲೆ ಅರ್ಧ ಮಾತ್ರ ಬಂತು, ಉಸಿರಿಗಿಂತ ಸ್ವಲ್ಪ ಹೆಚ್ಚು.

ಆಮೇಲೆ ಬರಲಿಲ್ಲ. ಗಡಿಯಾರ ಯಾರೂ ನೋಡಲಿಲ್ಲ. ಮಳೆ ಸಣ್ಣದಾಗಿ, ಬಸ್‌ಸ್ಟ್ಯಾಂಡಿನಲ್ಲಿ ಯಾವುದೋ ಗಾಡಿ ಶುರುವಾಗಿ ದೂರ ಹೋಯಿತು. ಶಿವರಂಜನಿ ಕೈ ಬಿಟ್ಟಳು. ಮುದುಕ ಗುಂಡಿ ಒತ್ತಿ, ಇನ್ನೂರ ಹದಿನಾಲ್ಕನೆಯ ಖಾಲಿಯನ್ನು ಕತೆಯ ತುದಿಗೆ ಕೂರಿಸಿ, ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದ. ಇತ್ತು. ಇನ್ನೊಮ್ಮೆ ಮುಚ್ಚಿ ತೆರೆದ. ಅಲ್ಲೇ ಇತ್ತು.

“ಆತು,” ಎಂದ. “ಕೊಟ್ಟ ಮಾತು ಆತು.” ಆಮೇಲೆ ಕಂಪ್ಯೂಟರಿನ ತೆರೆಯ ಮೇಲೆ ಬೆರಳಿಟ್ಟು ತೋರಿಸಿದ. ಮಳೆಯ ದನಿ ಗೆರೆಯಾಗಿ ಸಣ್ಣಗೆ ಹರಿದಿತ್ತು, ಹೋದ ಗಾಡಿ ಒಂದು ಉಬ್ಬಾಗಿತ್ತು. ಮೂರು ಸಲ ಮೂವರ ಕಿವಿಗೂ ಕೇಳಿದ ಹೂಂನ ಗುರುತು ಮಾತ್ರ ಎಲ್ಲೂ ಇರಲಿಲ್ಲ.

ಶಿವರಂಜನಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದ್ದು ಪರದೆ ಸರಿಸಿದಳು. ಭೀಮಾಬಾಯಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಅವಳ ಸೀರೆ ತೊಡೆಯ ಮೇಲೆ ಒಂದು ತಲೆಯ ಭಾರಕ್ಕೆ ತಗ್ಗಿದಂತೆ ತಗ್ಗಿತ್ತು. ಆ ತಗ್ಗಿನ ಮೇಲೆ, ಏನೂ ಇಲ್ಲದ ಕಡೆ, ಅವಳ ಕೈ ನಿಧಾನಕ್ಕೆ ತಟ್ಟುತ್ತಿತ್ತು. ಹನ್ನೊಂದು ವರ್ಷದ ಮೇಲೆ ಅವಳ ಬಾಯಿಂದ ಬೇರೆ ಮಾತು ಬಂತು.

“ಗದ್ದಲ ಮಾಡಬ್ಯಾಡ್ರಿ... ಈಗ ಮಲಗ್ಯಾಳ.”